ಗಾಜಿನ ಯಾವ ಮಗ್ಗುಲು

ಆಗ ನನಗೆ ಎಪ್ಪತ್ತೊಂದು ವರ್ಷ. ಮೂರು ವರ್ಷದ ಕೆಳಗಿನ ಮಾತು. ಕೈ ನಡುಗುತ್ತಿರಲಿಲ್ಲ. ಈಗಲೂ ನಡುಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದ ತಪ್ಪು ಕೈಯದಲ್ಲ, ತಲೆಯದು.

ತಮಿಳು ಮಾತಾಡುವ ಈ ದೊಡ್ಡ ಊರಿನ ಪೆರಂಬೂರಿನಲ್ಲಿ ನಮ್ಮ ಬೀದಿಯ ಕೊನೆಗೆ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿ ಇದೆ. ಒಂದು ಗಾಜು ಕತ್ತರಿಸಿಕೊಡು ಎಂದು ಹೋಗಿದ್ದೆ. ಅಂಗಡಿಯವನು ಗಾಜು ಅಳೆಯುತ್ತಿದ್ದಾಗ ಹಿಂದಿನ ಬಾಗಿಲ ಹತ್ತಿರ ಒಂದು ಬಕೆಟ್ ಕಂಡಿತು. ಸೋಡಾ ಹಾಕಿದ ನೀರು, ಅದರೊಳಗೆ ಅಂಗೈಯಷ್ಟು ಅಗಲದ ಗಾಜಿನ ಚೂರುಗಳು. ಇಕ್ಕಳದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಅರ್ಧ ಮುಖ ಇತ್ತು, ಇನ್ನರ್ಧ ಕರಗಿ ಹೋಗಿತ್ತು.

"ಏನಪ್ಪಾ ಇದು?" ಎಂದೆ. ಇಲ್ಲಿಯವರಿಗೆಲ್ಲ ನಾನು ಪಾಟಿ, ಎಂದರೆ ಅಜ್ಜಿ.

"ಹಳೇ ಗಾಜು, ಪಾಟಿ. ಮೇಲಿನ ಕರಿ ಬಿಟ್ಟರೆ ಚಿಕ್ಕ ಪಟಕ್ಕೆ ಆಗುತ್ತೆ. ಇಷ್ಟು ತೆಳ್ಳಗಿನ ಗಾಜು ಈಗ ಎಲ್ಲಿ ಸಿಗುತ್ತೆ?"

"ಇದರಲ್ಲಿ ಇರೋರು ಯಾರು?"

"ಯಾರಿಗೆ ಗೊತ್ತು? ತೊಳೆದ ಮೇಲೆ ಮುರುಗನ್ ಬರ್ತಾನೆ."

ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಕಸುಬು ಅವನದು. ಇನ್ನೂ ನೀರಿಗೆ ಬೀಳದ ಎರಡು ಡಬ್ಬ ಗಾಜು ಇತ್ತು. ಅವನು ಕತ್ತರಿಸಿದ ಹೊಸ ಗಾಜನ್ನು ಅವನಿಗೇ ಬಿಟ್ಟು ನಾನು ಆ ಡಬ್ಬಗಳನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ಬಂದೆ.

ಹಿಂದೆ ಫೋಟೋವನ್ನು ಗಾಜಿನ ಮೇಲೇ ತೆಗೆಯುತ್ತಿದ್ದರು. ಗಾಜಿನ ಒಂದು ಮಗ್ಗುಲಿಗೆ ಮದ್ದು ಬಳಿದಿರುತ್ತದೆ, ಚಿತ್ರ ಆ ಮದ್ದಿನಲ್ಲಿ ಇರುತ್ತದೆ. ಕಪ್ಪು ಬೆಳ್ಳಗೆ, ಬಿಳುಪು ಕಪ್ಪಗೆ, ಅದೇ ನೆಗೆಟಿವ್. ಅದರ ಮೂಲಕ ಕಾಗದದ ಮೇಲೆ ಬೆಳಕು ಬಿಟ್ಟರೆ ಸರಿಯಾದ ಚಿತ್ರ ಬರುತ್ತದೆ. ಮೂವತ್ತು ವರ್ಷ ಒಂದು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಮೊಡವೆ ಸುಕ್ಕು ಮುಚ್ಚಲು ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿದವಳು, ಪ್ರಿಂಟ್ ಹಾಕಿದವಳು ನಾನು. ಅದರ ಕಥೆ ಇಲ್ಲಿ ಬೇಡ. ಸ್ಟುಡಿಯೋ ಮುಚ್ಚಿದಾಗ, ನೆಗೆಟಿವನ್ನು ಹಿಗ್ಗಿಸಿ ಕಾಗದದ ಮೇಲೆ ಬಿಡುವ ಅವರ ದೊಡ್ಡ ಎನ್‌ಲಾರ್ಜರ್ ಯಾರಿಗೂ ಬೇಕಾಗಿರಲಿಲ್ಲ, ನಾನು ತಂದು ಬಚ್ಚಲುಮನೆಯಲ್ಲಿ ಇಟ್ಟುಕೊಂಡೆ ಎಂದಷ್ಟು ತಿಳಿದರೆ ಸಾಕು.

ಗಾಜುಗಳಿಂದ ಚಿಕ್ಕ ಚಿಕ್ಕ ಪ್ರಿಂಟ್ ಹಾಕಿ ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಸಿಕ್ಕಿಸಿದ್ದೆ. ಆಗ ಗ್ಯಾಲರಿಯಮ್ಮ ಬಂದಳು. ಆಕೆ ಚಿತ್ರ ಪ್ರದರ್ಶನ ನಡೆಸುವವಳು, ಕೀಲ್ಪಾಕಿನಲ್ಲಿ ಮನೆ. ತಂದೆ ಬ್ಯಾಂಕಿನಲ್ಲಿದ್ದವರು, ಕನ್ನಡದವರೇ. ಆದರೆ ಈಕೆ ಓದಿದ್ದೆಲ್ಲ ಇಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಮೂರು ಭಾಷೆಯಲ್ಲಿ ಉತ್ತರ ಬರುತ್ತದೆ. ತನ್ನ ಅಜ್ಜನ ಹಳೇ ಫಿಲಂ ಪ್ರಿಂಟ್ ಹಾಕಿಸಲು ನನ್ನ ಹತ್ತಿರ ಬರುತ್ತಿದ್ದಳು. ಹಗ್ಗದ ಕೆಳಗೆ ನಿಂತವಳು ಅಲ್ಲಾಡಲಿಲ್ಲ.

"ಪಾಟಿ, ಇವಂಗೆಲ್ಲ ಯಾರು?"

"ಯಾರೂ ಅಲ್ಲ. ಕಸದಲ್ಲಿ ಸಿಕ್ಕಿದ್ದು."

"ಅದೇ ಬ್ಯೂಟಿ! ಫೈನ್ ಆರ್ಟ್ ಪ್ರಿಂಟ್ ಮಾಡೋಣ. ಹನ್ನೆರಡು. ಪೆರಿಸ್ಸಾ, ದೊಡ್ಡ ಸೈಜ್. ಪೇಪರ್ ನಾನು ತರಿಸ್ತೀನಿ. ನಿಮ್ಮ ಪೇರು ಗೋಡೆ ಮೇಲೆ."

"ನನ್ನ ಹೆಸರು ರೇಷನ್ ಕಾರ್ಡಿನಲ್ಲೇ ತಪ್ಪಾಗೈತೆ. ನೀನು ಗೋಡೆ ಮೇಲೆ ಸರಿಯಾಗಿ ಬರೀತೀಯಾ?"

"ನೀವೇ ಬರೀರಿ. ಪ್ರಿಂಟ್ ಕೆಳಗೆ ಪೆನ್ಸಿಲ್‌ನಲ್ಲಿ ಸೈನ್ ಮಾಡಬೇಕು. ಅದು ರೂಲ್."

ಫೈನ್ ಆರ್ಟ್ ಎಂದರೆ ಏನು ಎಂದು ಕೇಳಿ ತಿಳಿದುಕೊಂಡೆ. ದಪ್ಪ ಹತ್ತಿ ಕಾಗದ ಇರಬೇಕು. ಕಾಗದದಲ್ಲಿ ಮದ್ದು ಉಳಿಯದ ಹಾಗೆ ತೊಳೆಯಬೇಕು, ನೂರು ವರ್ಷ ಬಣ್ಣ ಹೋಗಬಾರದು. ಸುತ್ತ ಬಿಳಿ ಅಂಚು ಇರಬೇಕು. ಸ್ಟುಡಿಯೋದಲ್ಲಿ ನಾವು ಮಾಡುತ್ತಿದ್ದದ್ದೂ ಅದನ್ನೇ. ಅಲ್ಲಿ ಬಿಳಿ ಅಂಚನ್ನು ಕತ್ತರಿಸಿ ಕೊಡುತ್ತಿದ್ದೆವು, ಇಲ್ಲಿ ಬಿಡಬೇಕು.

ಸಹಿಯೊಂದೇ ಹೊಸದು. ಅಲ್ಲಿ ಪ್ರಿಂಟಿನ ಹಿಂದೆ ಅಂಗಡಿಯ ಮೊಹರು ಬೀಳುತ್ತಿತ್ತು, ನನ್ನ ಹೆಸರು ಎಲ್ಲಿಯೂ ಇಲ್ಲ. ಸಹಿ ನನಗೆ ಬರುತ್ತದೆ, ಕನ್ನಡದಲ್ಲಿ ಮೂರು ಅಕ್ಷರ. ಅದಕ್ಕಿಂತ ಹೆಚ್ಚು ಬರೆಯಲು ಹೊತ್ತು ಹಿಡಿಯುತ್ತದೆ. ಇದನ್ನು ಬರೆಯಲು ಎಷ್ಟು ದಿನ ಹಿಡಿಯಿತು ಎಂದು ಕೇಳಬೇಡಿ. ಹನ್ನೆರಡು ಚಿತ್ರದ ಕೆಳಗೆ ನನ್ನ ಕೈಬರಹ ಬರುವುದಾದರೆ ಹನ್ನೆರಡೂ ಸರಿಯಿರಬೇಕು. ಒಂದು ತಪ್ಪಿದರೂ ಆ ತಪ್ಪಿನ ಕೆಳಗೆ ಇರುವುದು ನನ್ನ ಹೆಸರೇ. ಆ ಲೆಕ್ಕದಲ್ಲಿ ಒಪ್ಪಿಕೊಂಡೆ.

ಇಲ್ಲಿಯವರು ಕತ್ತರಿ ಬಿಸಿಲು ಎನ್ನುವ ಮೇ ತಿಂಗಳ ಸುಡುವ ದಿನಗಳು. ಬಚ್ಚಲಿನ ಕಿಟಕಿಗೆ ಕಪ್ಪು ಕಂಬಳಿ ಹೊಡೆದು ಒಳಗೆ ಕೂತರೆ ಬೆವರು ತಟ್ಟೆಯೊಳಗೆ ತೊಟ್ಟಿಕ್ಕುತ್ತಿತ್ತು. ಚಿತ್ರ ಎಬ್ಬಿಸುವ ಮದ್ದು ಇಪ್ಪತ್ತು ಡಿಗ್ರಿಯಲ್ಲಿ ಇರಬೇಕು. ನಲ್ಲಿಯ ನೀರೇ ಮೂವತ್ತೈದು. ಬಿಸಿ ಹೆಚ್ಚಾದರೆ ಚಿತ್ರ ದಡಬಡ ಎದ್ದು ಕಪ್ಪಾಗಿ ಹೋಗುತ್ತದೆ, ನಡುವಿನ ಬೂದು ಬಣ್ಣಗಳು ಬರುವುದೇ ಇಲ್ಲ. ಮೊದಲ ಎರಡು ದಿನ ನಾಲ್ಕು ಹಾಳೆ ಹಾಗೆ ಕೆಟ್ಟವು.

ಬೆಳಿಗ್ಗೆ ಕಾಸಿಮೇಡಿನ ಹರಾಜಿನಿಂದ ಮೀನು ತರುವ ಹೆಂಗಸು ನಮ್ಮ ಬೀದಿಗೆ ಬರುತ್ತಾಳೆ. ಅವಳಿಗೆ ಹೇಳಿದೆ, ದಿನಾ ಒಂದು ಚೀಲ ಐಸ್ ತಾ ಎಂದು. ಅವಳು ಗೋಣಿಯಲ್ಲಿ ಸುತ್ತಿ ತರುತ್ತಿದ್ದಳು. ದೊಡ್ಡ ಟಬ್ಬಿಗೆ ಐಸ್ ಸುರಿದು ಮದ್ದಿನ ತಟ್ಟೆಯನ್ನು ಅದರ ಮೇಲೆ ಇಟ್ಟರೆ ಒಂದು ಗಂಟೆ ತಡೆಯುತ್ತದೆ.

ಕೆಳಗಿನ ಮನೆಯಲ್ಲಿ ಅಯ್ಯಂಗಾರ್ರು ಇದ್ದಾರೆ. ಮನೆ ಅವರದೇ, ನಾನು ಮೇಲೆ ಬಾಡಿಗೆಗೆ ಇರುವವಳು. ಇನ್ಷೂರೆನ್ಸಿನಲ್ಲಿ ದುಡಿದು ನಿವೃತ್ತರಾದವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಮನೆಯವರು ನೂರು ವರ್ಷದ ಹಿಂದೆ ಮೈಸೂರು ಕಡೆಯಿಂದ ಬಂದವರಂತೆ. ಮೆಟ್ಟಿಲ ಮೇಲೆ ಗೋಣಿ ಕಂಡ ತಕ್ಷಣ ಬಂದರು.

"ಏನಮ್ಮಾ, ಮೀನಾ?"

"ಐಸ್ ಸಾಮಿ."

"ಐಸಿಗೆ ಯಾಕೆ ಮೀನಿನ ವಾಸನೆ?"

"ಮೀನು ಇದರ ಮೇಲೆ ಮಲಗಿತ್ತು. ಎದ್ದು ಹೋಯ್ತು."

"ಶಿವ ಶಿವಾ ಅನ್ನಕ್ಕೂ ಇಲ್ಲ ನಾನು," ಎಂದು ಗೊಣಗಿಕೊಂಡು ಮೆಟ್ಟಿಲಿಗೆ ನೀರು ಹೊಯ್ಯಿಸಿದರು. ದಿನಾ ಐಸ್ ಬಂತು, ದಿನಾ ಮೆಟ್ಟಿಲು ತೊಳೆಸಿಕೊಂಡಿತು.

ಹನ್ನೆರಡರಲ್ಲಿ ಗ್ಯಾಲರಿಯಮ್ಮನಿಗೆ ತುಂಬಾ ಹಿಡಿಸಿದ್ದು ಒಂದು ಮನೆಯವರ ಚಿತ್ರ. ಕುರ್ಚಿಯಲ್ಲಿ ಶಾಲು ಹೊದ್ದ ಯಜಮಾನ, ನೇರ ನಮ್ಮನ್ನೇ ನೋಡುತ್ತಿದ್ದಾನೆ. ಅವನ ಹಿಂದೆ ಹೆಂಡತಿ, ಕೈಯನ್ನು ಗಂಡನ ಕುತ್ತಿಗೆಯ ಹಿಂದೆ ಶಾಲಿನೊಳಗೆ ಇಟ್ಟಿದ್ದಾಳೆ. ಪಕ್ಕದಲ್ಲಿ ಬರಿಮೈಯ ಮಗ, ಇನ್ನೊಂದು ಪಕ್ಕದಲ್ಲಿ ಮದುವೆಯಾದ ಮಗಳು.

"ಆ ಕೈ ನೋಡಿ ಪಾಟಿ! ಆ ಕಾಲದಲ್ಲಿ ಕ್ಯಾಮರಾ ಮುಂದೆ ಹೆಂಡತಿ ಗಂಡನ್ನ ಹೀಗೆ ಮುಟ್ಟೋದು! ವಾಟ್ ಲವ್! ಇದೇ ಸೆಂಟರ್. ಇನ್ವಿಟೇಷನ್ ಕಾರ್ಡಿಗೂ ಇದೇ."

ಈ ಗಾಜಿನಲ್ಲೇ ನಾನು ಸಿಕ್ಕಿಬಿದ್ದದ್ದು. ಪ್ರಿಂಟ್ ಹಾಕುವಾಗ ಗಾಜನ್ನು ಯಾವ ಮಗ್ಗುಲಿಗೆ ಇಡಬೇಕು ಎಂದು ಗೊತ್ತಿರಬೇಕು. ತಿರುಗಿಸಿ ಇಟ್ಟರೆ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲು ಬದಲು ಆಗುತ್ತದೆ. ಸಾಧಾರಣವಾಗಿ ಕಷ್ಟವಿಲ್ಲ. ಮದ್ದಿನ ಮಗ್ಗುಲು ಮಂಕು, ಬರೀ ಗಾಜಿನ ಮಗ್ಗುಲು ಹೊಳಪು. ಆದರೆ ಈ ಗಾಜಿಗೆ ಎರಡು ಮಗ್ಗುಲಿಗೂ ಮಂಕು ವಾರ್ನಿಷ್ ಬಳಿದಿದ್ದರು. ಪೆನ್ಸಿಲ್ ಹಿಡಿಯಲಿ ಎಂದು ಹಳಬರು ಹಾಗೆ ಮಾಡುತ್ತಿದ್ದರು. ಒಂದು ಮೂಲೆಗೆ ಒದ್ದೆ ಬೆರಳು ಒತ್ತಿದರೆ ಮದ್ದಿನ ಮಗ್ಗುಲು ಅಂಟುತ್ತದೆ, ಅದು ಖಾತ್ರಿ ಪರೀಕ್ಷೆ. ಈ ಗಾಜಿನ ಮೂಲೆಗಳು ಆಗಲೇ ಹಪ್ಪಳದಂತೆ ಎದ್ದಿದ್ದವು. ನೀರು ತಾಗಿಸಲು ಮನಸ್ಸು ಬರಲಿಲ್ಲ.

ಆಗ ಮಗನ ಜನಿವಾರ ನೋಡಿದೆ. ನಾನು ಜನಿವಾರದ ಜಾತಿಯವಳಲ್ಲ. ಆದರೆ ಸ್ಟುಡಿಯೋದಲ್ಲಿ ನೂರಾರು ಮುಂಜಿಯ ಫೋಟೋ ಪ್ರಿಂಟ್ ಹಾಕಿದ್ದೇನೆ. ಜನಿವಾರ ಎಡ ಹೆಗಲಿಂದ ಬಲ ಸೊಂಟಕ್ಕೆ ಇಳಿಯುತ್ತದೆ, ಅದು ಕಣ್ಣು ಮುಚ್ಚಿದರೂ ಗೊತ್ತು. ಗಾಜನ್ನು ಒಂದು ಕಡೆ ಇಟ್ಟರೆ ಜನಿವಾರ ಬಲ ಹೆಗಲಿಗೆ ಬಂತು, ತಿರುಗಿಸಿದರೆ ಎಡಕ್ಕೆ ಬಂತು. ತಿರುಗಿಸಿಯೇ ಇಟ್ಟೆ.

ಹಾಗೆ ಇಟ್ಟಾಗ ಹೆಂಗಸರ ಸೆರಗು ಬಲ ಹೆಗಲಿಗೆ ಹೋಯಿತು. ಅದನ್ನೂ ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಚ್ಚೆ ಉಡುವ ಈ ಊರಿನ ಬ್ರಾಹ್ಮಣರ ಹೆಂಗಸರಲ್ಲಿ ಕೆಲವರು ಸೆರಗನ್ನು ಬಲಕ್ಕೆ ಹಾಕುತ್ತಾರೆ, ಕೆಲವರು ಎಡಕ್ಕೆ. ಯಾರು ಯಾವ ಕಡೆ ಎಂದು ನನಗೆ ಗೊತ್ತಿರಲಿಲ್ಲ. ಇವರು ಬಲಕ್ಕೆ ಹಾಕುವವರು ಎಂದುಕೊಂಡು ಮುಂದೆ ಹೋದೆ. ಕೆಳಗೇ ಒಬ್ಬರಿದ್ದರು, ಒಂದು ಮಾತು ಕೇಳಬಹುದಿತ್ತು. ಮೀನಿನ ಐಸಿನ ಜಗಳದಲ್ಲಿ ಕೇಳಲಿಲ್ಲ.

ಪ್ರಿಂಟ್ ಮಾತ್ರ ಚೆನ್ನಾಗಿ ಬಂತು. ಕೀಲಿ ಕೊಡುವ ಅಲಾರಂ ಗಡಿಯಾರ ಪಕ್ಕದಲ್ಲಿಟ್ಟು ಅದರ ಸದ್ದಿನ ಮೇಲೆ ಎಣಿಸುವುದು ನನ್ನ ಪದ್ಧತಿ. ಒಟ್ಟು ಮೂವತ್ತೆರಡು ಎಣಿಕೆ ಬೆಳಕು. ಮಗಳ ಮುಖ ಕಪ್ಪಾಗದಂತೆ ಎಂಟು ಎಣಿಕೆ ರಟ್ಟಿನ ಚೂರಿನಿಂದ ನೆರಳು ಹಿಡಿದೆ. ಮಗನ ಪಂಚೆ ತೀರಾ ಬೆಳ್ಳಗೆ ಕಾಲಿಗೆ ಅಂಟಿಕೊಂಡಂತೆ ಇತ್ತು, ಅಲ್ಲಿಗೆ ಮಾತ್ರ ಅಂಗೈಯ ಸಂದಿನಿಂದ ಇನ್ನೂ ಹದಿನೈದು ಎಣಿಕೆ ಬೆಳಕು ಬಿಟ್ಟೆ. ಮಗಳ ಕೆನ್ನೆಯ ಮೇಲೆ ಮೊಡವೆ ಮುಚ್ಚಿದ ಪೆನ್ಸಿಲ್ ಗೀರು ಕಂಡಿತು. ಓಹೋ, ವಾರ್ನಿಷ್ ಬಳಿದದ್ದು ಇದಕ್ಕೆ ಎಂದು ಸಮಾಧಾನವಾಯಿತು. ಬೇರೆಲ್ಲೂ ಹುಡುಕದೆ ಅಲ್ಲಿಗೇ ನಿಂತೆ. ಮೂರು ಪ್ರಿಂಟ್ ಹಾಕಿ, ಒಣಗಿಸಿ, ಹಾಸಿಗೆಯ ಕೆಳಗೆ ಒತ್ತಿಟ್ಟು, ಮೂರಕ್ಕೂ ಸಹಿ ಹಾಕಿದೆ. ಕಾರ್ಡೂ ಅಚ್ಚಾಗಿ ಬಂತು.

ಪ್ರದರ್ಶನಕ್ಕೆ ಐದು ದಿನ ಇತ್ತು. ಒಂದು ಮಧ್ಯಾಹ್ನ ಅಯ್ಯಂಗಾರ್ರು ಮೇಲೆ ಬಂದರು, ಕೈಯಲ್ಲಿ ಖಾಲಿ ಚೊಂಬು.

"ಏನಮ್ಮಾ ಇದು! ಮೋಟಾರ್ ಹಾಕಿ ಅರ್ಧ ಗಂಟೆ ಆಗಿಲ್ಲ, ಅದುಕ್ಕುಳ್ಳೆ ತೊಟ್ಟಿ ಖಾಲಿ! ಮೇಲೇನು ಆನೆ ಕಟ್ಟಿದ್ದೀಯಾ?"

"ಪ್ರಿಂಟ್ ತೊಳೀತಿದೀನಿ ಸಾಮಿ. ಒಂದು ಗಂಟೆ ನೀರು ಹರಿಯಬೇಕು."

"ಲಾರಿ ನೀರಮ್ಮಾ ಅದು! ಕಾವೇರಿ ಅಲ್ಲ!"

ಬೈಯುತ್ತಲೇ ಬಚ್ಚಲಿನ ಕಡೆ ನುಗ್ಗಿದವರು ಗೋಡೆಗೆ ಒರಗಿಸಿಟ್ಟ ಆ ಪ್ರಿಂಟಿನ ಮುಂದೆ ನಿಂತರು. ಕನ್ನಡಕ ಮೇಲಕ್ಕೆ ಏರಿಸಿದರು.

"ಇವರು ನಮ್ಮವರು. ನಾಮ ನೋಡು."

"ಹೌದಾ? ಒಳ್ಳೇದಾಯ್ತು."

"ಏನು ಒಳ್ಳೇದು? ಸೆರಗು ಯಾಕೆ ಬಲಕ್ಕೆ ಇದೆ? ಅಯ್ಯರ್ ಹೆಂಗಸರು ಹಾಗೆ ಹಾಕ್ಕೊಳ್ಳೋದು. ನಮ್ಮಲ್ಲಿ ಎಡಕ್ಕೆ. ನಮ್ಮಮ್ಮ ಸಾಯೋ ತನಕ ಎಡಕ್ಕೇ ಹಾಕ್ಕೊಂಡಿದ್ದು. ನೀನು ಫೋಟೋ ತಿರುಗಿಸಿಬಿಟ್ಟಿದ್ದೀಯ."

"ಇಲ್ಲ ಸಾಮಿ. ತಿರುಗಿಸಿದರೆ ಜನಿವಾರ ಬಲಕ್ಕೆ ಹೋಗ್ತದೆ. ನೋಡೇ ಇಟ್ಟಿದ್ದು."

ಅವರು ಚೊಂಬು ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಜನಿವಾರ ಬಲಕ್ಕೆ ಹಾಕ್ಕೊಳ್ಳೋ ಹೊತ್ತೂ ಇದೆಯಮ್ಮಾ. ಅಪ್ಪನಿಗೆ ಮಾಡೋವಾಗ. ಅಪ್ಪ ಹೋದ ಮೇಲೆ."

"ಅಪ್ಪ ಇಲ್ಲೇ ಕೂತವನಲ್ಲ, ಕಣ್ಣು ಬಿಟ್ಕೊಂಡು."

"ಅದೇ ನನಗೂ ಗೊತ್ತಾಗ್ತಿಲ್ಲ," ಎಂದರು.

ನನಗೆ ಗೊತ್ತಾಯಿತು. ಒಳಗೆ ಹೋಗಿ ಗಾಜು ತೆಗೆದೆ. ಟೇಬಲ್ ದೀಪವನ್ನು ಓರೆಯಾಗಿ ಇಟ್ಟು, ಭೂತಗನ್ನಡಿ ಹಿಡಿದು, ಆ ಮನುಷ್ಯನ ಕಣ್ಣು ನೋಡಿದೆ. ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಕಣ್ಣು ಅದು.

ತಿಳಿಯದವರಿಗೆ ಹೇಳುತ್ತೇನೆ. ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸದ ಜನ ಆಗ ಬಹಳ. ಸತ್ತ ಮೇಲೆ ಸ್ಟುಡಿಯೋದವರನ್ನು ಕರೆಸುತ್ತಿದ್ದರು, ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಸುತ್ತಿದ್ದರು. ಆದರೆ ಕಣ್ಣು ಮುಚ್ಚಿದ ಫೋಟೋಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕಲು ಮನಸ್ಸಾಗುವುದಿಲ್ಲ. ಕಣ್ಣು ತೆರೆಸಿಕೊಡಿ ಎಂದು ಕೇಳುತ್ತಿದ್ದರು. ಆ ಕೆಲಸ ನಮ್ಮಂಥವರದು. ನೆಗೆಟಿವಿನಲ್ಲಿ ಪೆನ್ಸಿಲ್ ಹಚ್ಚಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ, ಅದು ಕಣ್ಣಿನ ಬಿಳಿಗುಡ್ಡೆಗೆ. ಕಪ್ಪು ಬರಬೇಕಾದರೆ ಮದ್ದನ್ನೇ ಚಾಕುವಿನ ಮೊನೆಯಿಂದ ಕೆರೆಯಬೇಕು, ಅದು ಕರಿಗುಡ್ಡೆಗೆ. ನಾನೇ ಇಪ್ಪತ್ತು ಮೂವತ್ತು ಹೆಣಕ್ಕೆ ಕಣ್ಣು ಬರೆದಿದ್ದೇನೆ.

ಕೆರೆದ ಗುರುತು ಅಲ್ಲಿತ್ತು. ನಾನು ಬರೀ ಗಾಜು ಎಂದುಕೊಂಡಿದ್ದ ಮಗ್ಗುಲಿನಲ್ಲಿ ಇತ್ತು. ಬರೀ ಗಾಜನ್ನು ಚಾಕು ಕೆರೆಯುವುದಿಲ್ಲ. ಹಾಗಾಗಿ ಅದೇ ಮದ್ದಿನ ಮಗ್ಗುಲು. ಎರಡು ತಪ್ಪು ಒಂದೇ ಕಡೆ ಕಂಡಂತಾಯಿತು. ಚಿತ್ರ ತಿರುಗಿಸಿ ಹಾಕಿದ್ದೇನೆ, ಕೂತವನು ಸತ್ತವನು.

ಮಿಕ್ಕಿದ್ದೆಲ್ಲ ತಾನಾಗಿ ಬಿಚ್ಚಿಕೊಂಡಿತು. ಮಗನ ಪಂಚೆ ಕಾಲಿಗೆ ಅಂಟಿದ್ದು ಅವನು ತಲೆಗೆ ನೀರು ಹಾಕಿಕೊಂಡು ಒದ್ದೆಯಲ್ಲೇ ನಿಂತಿದ್ದರಿಂದ. ಹೆಂಡತಿಯ ಕೈ ಶಾಲಿನೊಳಗೆ ಇದ್ದದ್ದು ತಲೆ ವಾಲದಂತೆ ಹಿಡಿಯಲು.

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಕಣ್ಣು ಬರೆಯುವವಳಿಗೆ ಬರೆದ ಕಣ್ಣು ಕಾಣಲಿಲ್ಲವಲ್ಲ ಎಂದು. ಆದರೆ ಆ ಕೆಲಸ ಅಂಥದ್ದು. ಕರಿಗುಡ್ಡೆ ಕೆರೆಯುವಾಗ ಬೆಳಕಿನ ಚುಕ್ಕೆಗೆಂದು ಒಂದು ತೃಣದಷ್ಟು ಮದ್ದು ಬಿಟ್ಟು ಕೆರೆದಿದ್ದರು. ಕಿಟಕಿ ಎಲ್ಲಿದೆ ಎಂದು ನೋಡಿ, ಬೆಳಕು ಬಂದ ಕಡೆಗೇ ಬಿಟ್ಟಿದ್ದರು. ನಾನು ಯಾವಾಗಲೂ ಚುಕ್ಕೆಯನ್ನು ನಡುವೆ ಇಡುತ್ತಿದ್ದೆ. ನನಗಿಂತ ಒಳ್ಳೆಯ ಕೈ ಅದು.

ಅಯ್ಯಂಗಾರ್ರು ಬಾಗಿಲಲ್ಲೇ ನಿಂತಿದ್ದರು. "ಇದನ್ನ ಜನಕ್ಕೆ ತೋರಿಸಬೇಡಮ್ಮಾ. ಯಾರ ಮನೆ ಸೂತಕವೋ ಏನೋ. ತೆಗೆದಿಟ್ಟುಬಿಡು," ಎಂದು ಹೇಳಿ, ಚೊಂಬು ಮರೆತು ಇಳಿದು ಹೋದರು.

ಗ್ಯಾಲರಿಯಮ್ಮನಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಬಂದಳು. ಚಿತ್ರ ತಿರುಗಿ ಬಂದಿದೆ ಎಂದಾಗ ಆಕೆಗೆ ಏನೂ ಅನಿಸಲಿಲ್ಲ.

"ಪರವಾಯಿಲ್ಲ ಪಾಟಿ. ಲೆಫ್ಟ್ ರೈಟ್ ಯಾರು ನೋಡ್ತಾರೆ? ಕಾರ್ಡ್ ಎಲ್ಲಾರಿಗೂ ಹೋಗಾಚು."

"ಕೆಳಗಿನ ಮನೆಯವರು ನೋಡಿದರಲ್ಲ."

"ಅವರೊಬ್ಬರು!"

"ಕೆಳಗೆ ನನ್ನ ಸಹಿ ಇದೆ."

ಆಮೇಲೆ ಸತ್ತವನ ವಿಷಯ ಹೇಳಿದೆ. ಆಕೆಯ ಮುಖವೇ ಬದಲಾಯಿತು. ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು.

"ಪಾಟಿ! ಇದು ಇನ್ನೂ ದೊಡ್ಡ ವಿಷಯಂ! ಆ ಕಣ್ಣನ್ನ ಅಳಿಸಿಬಿಡಿ. ಟರ್ಪೆಂಟೈನ್ ಹಾಕಿ ಒರೆಸಿದರೆ ಪೆನ್ಸಿಲ್ ಹೋಗುತ್ತಲ್ವಾ? ಕಣ್ಣು ಮುಚ್ಚಿರೋದು ಒಂದು ಪ್ರಿಂಟ್, ತೆರೆದಿರೋದು ಒಂದು. ಪಕ್ಕ ಪಕ್ಕ. ಟ್ರೂತ್! ಜನ ನಿಂತು ನೋಡ್ತಾರೆ."

"ಪೆನ್ಸಿಲ್ ಹೋಗ್ತದೆ. ಚಾಕು ಕೆರೆದದ್ದು ಎಲ್ಲಿಗೆ ಹೋಗ್ತದೆ? ಒರೆಸಿದರೆ ಮುಚ್ಚಿದ ಕಣ್ಣು ಬರಲ್ಲ ತಾಯಿ. ಎರಡು ತೂತು ಬರ್ತದೆ."

"ಹಾಗಾದರೆ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ..."

"ಮಾಡಿಸು. ಅದರ ಕೆಳಗೆ ಕಂಪ್ಯೂಟರ್ ಸಹಿ ಹಾಕಲಿ."

ಆಕೆ ಸೋಲುವವಳಲ್ಲ. "ಸತ್ಯ ಹೇಳೋದು ತಪ್ಪಾ ಪಾಟಿ? ಅವರು ಸತ್ತಿದ್ದಾರೆ, ಅದು ಸತ್ಯ ತಾನೇ?" ಎಂದಳು.

ಕಾಫಿ ಮಾಡಲು ಒಳಗೆ ಹೋದೆ. ಕಾಫಿ ಕುದಿಯುವಾಗ ಯೋಚನೆ ಮಾಡಿದೆ. ಅಯ್ಯಂಗಾರ್ರು ಬಚ್ಚಿಡು ಎನ್ನುತ್ತಾರೆ. ಈಕೆ ಕಣ್ಣು ಕೀಳು ಎನ್ನುತ್ತಾಳೆ. ಇಬ್ಬರಿಗೂ ಆ ಮನೆಯವರು ಏನು ಕೇಳಿದ್ದರು ಎಂಬ ನೆನಪಿಲ್ಲ. ಒದ್ದೆ ಪಂಚೆಯಲ್ಲಿ ನಿಂತ ಮಗ, ಕುತ್ತಿಗೆ ಹಿಡಿದು ನಿಂತ ಹೆಂಡತಿ, ಇವರು ಅಂಥ ಹೊತ್ತಿನಲ್ಲಿ ಕ್ಯಾಮರಾದವನನ್ನು ಕರೆಸಿದ್ದು ಗೋಡೆಯ ಮೇಲಿಂದ ಅವನು ತಮ್ಮನ್ನು ನೋಡಲಿ ಎಂದು. ಅವರದು ಗಿರಾಕಿಯ ಮಾತು. ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟವರು ನನ್ನ ಕಸುಬಿನವರು. ಆ ಕೆಲಸ ಗೋಡೆಗೆ ಹಾಕಲೆಂದೇ ಮಾಡಿದ್ದು, ಗೋಡೆಗೆ ಹೋಗಬೇಕು. ಕಣ್ಣು ತೆರೆದೇ ಹೋಗಬೇಕು. ಸರಿಯಾದ ಮಗ್ಗುಲಿಗೆ ಹೋಗಬೇಕು.

ಹೊರಗೆ ಬಂದು ಸಹಿ ಹಾಕಿದ ಮೂರು ಪ್ರಿಂಟನ್ನೂ ತೆಗೆದು ಆಕೆಯ ಎದುರಿಗೇ ಹರಿದೆ. ದಪ್ಪ ಕಾಗದ, ಒಂದೇ ಸಲಕ್ಕೆ ಹರಿಯುವುದಿಲ್ಲ. ಒಂದೊಂದಾಗಿ ಹರಿದೆ. ಗ್ಯಾಲರಿಯಮ್ಮ "ಅಯ್ಯೋ" ಎಂದಳು, ತಡೆಯಲು ಬರಲಿಲ್ಲ.

"ಹೊಸದಾಗಿ ಹಾಕಿ ಕೊಡ್ತೀನಿ. ಬೇಕಾದರೆ ತಗೊ. ಬೇಡ ಅಂದರೆ ಹನ್ನೊಂದೇ ಹಾಕು," ಎಂದೆ.

"ಸತ್ಯ?"

"ಸತ್ಯಾನೂ ಬರಿ. ಹೆಂಗೆ ಬರೀಬೇಕು ಅಂತ ನಾನು ಹೇಳ್ತೀನಿ."

ಡಬ್ಬದಲ್ಲಿ ಐದು ಹಾಳೆ ಉಳಿದಿತ್ತು. ಅಷ್ಟು ದಿನದೊಳಗೆ ಬೇರೆ ಕಾಗದ ಬರುವಂತಿರಲಿಲ್ಲ. ಮರುದಿನ ಐಸ್ ಬಂತು. ಗಾಜನ್ನು ಸರಿಯಾದ ಮಗ್ಗುಲಿಗೆ ಇಟ್ಟೆ, ಫೋಕಸ್ ಮತ್ತೆ ಹಿಡಿದೆ, ಅದೇ ಮೂವತ್ತೆರಡು ಎಣಿಕೆ. ಮೊದಲ ಹಾಳೆ ಕೆಟ್ಟಿತು. ಎಡ ಬಲ ಅದಲಾಗಿದೆ, ಆದರೆ ನನ್ನ ಕೈಗೆ ಹಳೇ ದಾರಿಯೇ ರೂಢಿ. ಮಗಳ ಮುಖಕ್ಕೆ ಹಿಡಿಯಬೇಕಾದ ನೆರಳನ್ನು ಮಗನ ಮುಖಕ್ಕೆ ಹಿಡಿದಿದ್ದೆ. ಮಗ ಬೂದಿ ಬಳಿದವನ ಹಾಗೆ ಬಂದ. ಎರಡನೆಯದರಲ್ಲಿ ಕೈ ಅರ್ಧ ದಾರಿಗೆ ಹೋಗಿ ನೆನಪಾಗಿ ವಾಪಸ್ಸು ಬಂತು. ಅದೂ ಹೋಯಿತು.

ಎನ್‌ಲಾರ್ಜರಿನ ದೀಪ ಹಾಕಿದೆ. ಖಾಲಿ ಬಿಳಿ ಹಾಳೆಯೊಂದನ್ನು ಅದರ ಕೆಳಗೆ ಇಟ್ಟು, ಪ್ರಿಂಟ್ ಕಾಗದ ಹಾಕದೆ, ಬರೀ ಚಿತ್ರದ ಮೇಲೆ ಕೈ ಆಡಿಸುವುದನ್ನು ಅಭ್ಯಾಸ ಮಾಡಿದೆ. ಮಕ್ಕಳಿಗೆ ಕೋಲಾಟ ಕಲಿಸುವ ಹಾಗೆ. ಎಂಟು ಎಣಿಕೆ ಇಲ್ಲಿ, ಹದಿನೈದು ಎಣಿಕೆ ಅಲ್ಲಿ. ಇಪ್ಪತ್ತು ಸಲ ಮಾಡಿದ ಮೇಲೆ ಕೈ ಹೊಸ ದಾರಿ ಹಿಡಿಯಿತು. ಈ ಸಲ ಪಂಚೆಗೆ ಹದಿನೈದು ಎಣಿಕೆ ಬಿಡಲಿಲ್ಲ, ಐದಕ್ಕೆ ನಿಲ್ಲಿಸಿದೆ. ಒದ್ದೆ ಪಂಚೆ ಒದ್ದೆಯಾಗಿಯೇ ಕಾಣಲಿ.

ಮೂರನೆಯ ಹಾಳೆ ಸರಿಯಾಗಿ ಬಂತು. ನಾಲ್ಕನೆಯದೂ ಬಂತು. ಐದನೆಯದನ್ನು ಮುಟ್ಟಲಿಲ್ಲ. ಎರಡು ಸಾಕು.

ತೊಳೆಯುವಾಗ ಮೋಟಾರಿನ ಸದ್ದು ಕೇಳಿಸಿತು. ನಾನು ಕೇಳಿರಲಿಲ್ಲ. ಅಯ್ಯಂಗಾರ್ರೇ ಹಾಕಿದ್ದರು.

ಚಿತ್ರದ ಪಕ್ಕದ ಚೀಟಿಗೆ ನಾನು ಹೇಳಿದ್ದು ಮೂರು ಸಾಲು. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಹಾಕಬೇಕು ಎಂದೆ. "ಫೋಟೋ ತೆಗೆದವರು ಯಾರೋ ಗೊತ್ತಿಲ್ಲ. ತೀರಿಹೋದ ಯಜಮಾನನಿಗೆ ಕಣ್ಣು ಬರೆದವರು ಯಾರೋ ಗೊತ್ತಿಲ್ಲ. ಪ್ರಿಂಟ್ ಹಾಕಿದವಳು ನಾನು." ಅದರ ಕೆಳಗೆ ನನ್ನ ಹೆಸರು. ಕಣ್ಣು ಬರೆದವರಿಗೂ ಒಂದು ಸಾಲು ಎಂದು ಗೋಡೆಯ ಮೇಲೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಗ್ಯಾಲರಿಯಮ್ಮ ಚೀಟಿಯನ್ನು ಎರಡು ಸಲ ಓದಿದಳು. ಪಕ್ಕದಲ್ಲಿ ಕಣ್ಣು ಮುಚ್ಚಿದ ಇನ್ನೊಂದು ಪ್ರಿಂಟಿಗೆಂದು ಹೊಡೆಸಿದ್ದ ಮೊಳೆಯನ್ನು ತಾನೇ ಕೀಳಿಸಿದಳು.

ಪ್ರದರ್ಶನದ ಸಂಜೆ ಜನ ಬಂದರು. ಕೈಯಲ್ಲಿ ಕಾರ್ಡ್ ಹಿಡಿದವರು ಕೆಲವರು ಕಾರ್ಡನ್ನೂ ಗೋಡೆಯನ್ನೂ ಹೋಲಿಸಿ, ಇದು ಯಾಕೆ ತಿರುಗಿದೆ ಎಂದು ಕೇಳಿದರು. "ಕಾರ್ಡಿನದು ನನ್ನ ತಪ್ಪು, ಗೋಡೆಯದು ಸರಿ," ಎಂದೆ. ಹೇಳಲು ನಾಚಿಕೆಯೇನೂ ಆಗಲಿಲ್ಲ. ಚೀಟಿ ಓದಿದವರು ಮತ್ತೆ ಚಿತ್ರದ ಹತ್ತಿರ ಹೋಗಿ ಬಗ್ಗಿ ಕಣ್ಣು ನೋಡುತ್ತಿದ್ದರು. ಪೆನ್ಸಿಲ್ ಗೀರು ಎಲ್ಲಿದೆ ಎಂದು ಯಾರಿಗೂ ತಿಳಿಯಲಿಲ್ಲ. ಅದು ನೋಡಿ ನನಗೆ ಖುಷಿಯಾಯಿತು.

ಬರುವುದಿಲ್ಲ ಎಂದಿದ್ದ ಅಯ್ಯಂಗಾರ್ರು ಆಟೋ ಹಿಡಿದು ಬಂದರು. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದು ಚಿತ್ರದ ಮುಂದೆ ನಿಂತರು.

"ಈಗ ಸರಿಯಾಗಿದೆ," ಎಂದರು.

"ಸೆರಗಾ, ಜನಿವಾರವಾ?"

"ಎರಡೂ." ಮತ್ತೆ ಚಿತ್ರ ನೋಡಿದರು. "ಯಾರು ಬರೆದರೋ, ಮನುಷ್ಯ ನನ್ನನ್ನೇ ನೋಡ್ತಿದ್ದಾನೆ. ಏನು ಏಸಿ ಹಾಕಿದ್ದಾರಮ್ಮ ಇವರು, ಕಾಲು ಕೊರೀತಿದೆ!" ಎಂದು ಚಪ್ಪಲಿ ಹುಡುಕಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಎದ್ದು, ತಲೆ ಬಾಚಿ, ಸ್ಟೇಷನ್ ಪಕ್ಕದ ಪಾಸ್‌ಪೋರ್ಟ್ ಫೋಟೋದ ಅಂಗಡಿಗೆ ಹೋದೆ. ಈಗ ಕಣ್ಣು ಬರೆಯುವ ಪೆನ್ಸಿಲ್ ಚೂಪು ಮಾಡಲು ಗೊತ್ತಿರುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ, ನನ್ನನ್ನು ಬಿಟ್ಟರೆ. ಸತ್ತ ಮೇಲೆ ನನ್ನ ಕಣ್ಣು ನಾನೇ ಬರೆದುಕೊಳ್ಳಲು ಆಗುವುದಿಲ್ಲ. ಅಂಗಡಿಯವನು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ನನ್ನ ಕೆನ್ನೆಯ ಸುಕ್ಕು ನುಣುಪು ಮಾಡಲು ಹೊರಟ. "ಕೈ ತೆಗಿಯಪ್ಪ. ಒಂದು ಗೆರೆ ಮುಟ್ಟಬೇಡ," ಎಂದೆ. ದೊಡ್ಡದು ಒಂದು ಹಾಕಿಸಿಕೊಂಡು ಬಂದು ಅಯ್ಯಂಗಾರ್ರ ಬಾಗಿಲು ತಟ್ಟಿದೆ. ಅವರು ಮರೆತು ಬಿಟ್ಟಿದ್ದ ಚೊಂಬನ್ನೂ ಅದರ ಜೊತೆಗೇ ಕೊಟ್ಟೆ.

"ಏನಮ್ಮಾ ಇದು?"

"ನನ್ನ ಫೋಟೋ. ಇಟ್ಕೊಳ್ಳಿ. ಬೇಕಾದಾಗ ಹುಡುಕೋ ಹಾಗಾಗಬಾರದು."

ಹಿಡಿದು ನೋಡಿದರು. "ನಾನೇ ಮುಂಚೆ ಹೋದರೆ?"

"ಫೋಟೋ ಅಂಗಡಿ ತೆಗೆದೈತೆ ಸಾಮಿ. ಶರ್ಟ್ ಹಾಕ್ಕೊಂಡು ಹೊರಡಿ," ಎಂದೆ.